ಕವಾಟದ ಹದ್ದುಬಸ್ತು

ಒಂದೇ ಜಮೀನನ್ನು ಇಬ್ಬರು ಅಳೆದರೆ ಎರಡು ಲೆಕ್ಕ ಬರುತ್ತದೆ ಎನ್ನುವುದು ನಮ್ಮ ಕಡೆ ಡೇರಿಗೆ ಹಾಲು ಹಾಕಲು ಬರುವ ಹುಡುಗನಿಗೂ ಗೊತ್ತು. ನಾನು ಕೋಲಾರ ಜಿಲ್ಲೆಯಲ್ಲಿ ಹನ್ನೊಂದು ವರ್ಷದಿಂದ ಪರವಾನಗಿ ಭೂಮಾಪಕಿ. ಅಕ್ಕಪಕ್ಕದ ಜಮೀನಿನವರು ಜಗಳಕ್ಕೆ ನಿಂತಾಗ ಹದ್ದುಬಸ್ತಿಗೆ (ಗಡಿ ಗುರುತಿಸಲು) ಹೋಗಿ, ಬಾಂದು ಕಲ್ಲು ಹುಡುಕಿ, ಹಳೇ ಟಿಪ್ಪಣಿ ಬಿಚ್ಚಿ, 'ನೋಡಿ ಯಜಮಾನರೇ, ಆವಾಗ ಸರಪಳಿ ಹಿಡಿದು ಅಳೆದಿದ್ದು, ಈಗ ಮಿಷನ್‌ನಲ್ಲಿ ಅಳೆಯೋದು, ಎರಡು ಆಣೆ ಹೆಚ್ಚುಕಮ್ಮಿ ಬಂದೇ ಬರುತ್ತೆ' ಎಂದು ಸಮಾಧಾನ ಹೇಳುವುದು ನನ್ನ ನಿತ್ಯದ ಪಾಡು. ಹಾಗಿದ್ದೂ ನನ್ನ ಎದೆಯೊಳಗಿನ ಒಂದೇ ಕವಾಟಕ್ಕೆ ಎರಡು ಎಕೋ (ಶಬ್ದದ ಅಲೆಯಿಂದ ಹೃದಯ ನೋಡುವ ಸ್ಕ್ಯಾನ್) ವರದಿ ಬಂದು, ಅದರ ಬಾಯಿಯ ವಿಸ್ತೀರ್ಣ ಒಂದರಲ್ಲಿ 1.4, ಇನ್ನೊಂದರಲ್ಲಿ 0.9 ಚದರ ಸೆಂ.ಮೀ. ಎಂದಿದ್ದಾಗ, ನಾನು ಆ ಯಜಮಾನರಿಗಿಂತ ಜೋರಾಗಿ ಕೂಗಾಡಿದೆ. ಎರಡರಲ್ಲಿ ಯಾವುದ್ರೀ ನಿಜ?

ಅದಕ್ಕೂ ಹಿಂದಿನ ಕಥೆ ಬೇಗ ಹೇಳಿಬಿಡುತ್ತೇನೆ. ಬಸುರಿಯಾಗಿದ್ದಾಗ ಏಳನೇ ತಿಂಗಳಿಂದ ದಮ್ಮು. ಹೊಟ್ಟೆಯ ಭಾರಕ್ಕೆ ಅಂದರು. ಮಗಳಿಗೆ ಆರು ತುಂಬಿದರೂ ದಮ್ಮು ಹೋಗಲಿಲ್ಲ. ಮೈ ಬಂದಿದೆ ಅಂದರು. ರಾತ್ರಿ ಅಂಗಾತ ಮಲಗಿದರೆ ಕೆಮ್ಮು, ಎರಡು ದಿಂಬು ಇಟ್ಟರಷ್ಟೇ ನಿದ್ದೆ. ಧೂಳಿನಲ್ಲಿ ಓಡಾಡುವ ಕೆಲಸ, ಆಸ್ತಮಾ ಇರಬೇಕು ಎಂದು ಒಬ್ಬರು ಇನ್‌ಹೇಲರ್ ಬರೆದುಕೊಟ್ಟರು. ಎರಡು ವರ್ಷ ಅದನ್ನು ಎಳೆದೆ. ಒಂದು ಬೆಳಿಗ್ಗೆ ಕಫದಲ್ಲಿ ರಕ್ತದ ಎಳೆ ಕಂಡಾಗ ಮನೆಯಲ್ಲಿ ಟಿಬಿ ಎಂದು ಪಿಸುಗುಟ್ಟಿದರು. ಕಫ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅಮ್ಮ ಮಾತ್ರ ಶ್ರೀನಿವಾಸಪುರದ ತನ್ನ ತೆಲುಗಿನಲ್ಲಿ 'ಏಮೀ ಕಾದು' (ಏನೂ ಆಗಲ್ಲ) ಅನ್ನುತ್ತಲೇ ಕೋಲಾರಮ್ಮನಿಗೆ ಹರಕೆ ಹೊತ್ತುಕೊಂಡಳು.

ಒಂದು ದಿನ ಮಾವಿನ ತೋಪಿನ ಅಳತೆಗೆ ಹೋಗಿದ್ದೆ. ಮೂರನೇ ಕಲ್ಲಿಗೆ ಹೋಗಲು ಒಂದು ಸಣ್ಣ ಬದು ಹತ್ತಬೇಕಿತ್ತು. ಹತ್ತಿದವಳು ಅಲ್ಲೇ ಕೂತೆ. ಕೋಲು ಹಿಡಿದಿದ್ದ ಹುಡುಗ ವಾಪಸ್ಸು ಬಂದು, 'ಮೇಡಂ, ನಿಮ್ ತುಟಿ ಒಂಥರಾ ಆಗೈತೆ' ಅಂದ. ಅಂತರಗಂಗೆಯ ಮೆಟ್ಟಿಲನ್ನು ಕಾಲೇಜಿನ ದಿನಗಳಲ್ಲಿ ಓಡಿಯೇ ಹತ್ತುತ್ತಿದ್ದವಳು ನಾನು.

ಅವತ್ತು ಸಂಜೆ ಕೋಲಾರದಲ್ಲಿ ನೋಡಿದ ವೈದ್ಯರು, ವಯಸ್ಸಾದವರು, ಬೇರೆಯವರು ಮಾಡದ ಒಂದು ಕೆಲಸ ಮಾಡಿದರು. ಎಡಮಗ್ಗುಲಿಗೆ ಮಲಗಿಸಿ, ಸ್ಟೆತಾಸ್ಕೋಪಿನ ಸಣ್ಣ ಬಟ್ಟಲಿನ ಬದಿಯನ್ನು ಎದೆಯ ತುದಿಗೆ ಹಗುರಾಗಿ ಇಟ್ಟು, ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಕೇಳಿದ ಪ್ರಶ್ನೆ ನನ್ನನ್ನು ಬೆಚ್ಚಿಬೀಳಿಸಿತು. 'ಚಿಕ್ಕಂದಿನಲ್ಲಿ ಕೀಲು ಊದಿಕೊಂಡು ಜ್ವರ ಬಂದಿತ್ತಾ?' ಬಂದಿತ್ತು. ನಾಲ್ಕನೇ ಕ್ಲಾಸಿನಲ್ಲಿ ಮೊದಲು ಗಂಟಲು ನೋವು, ಎರಡು ಮೂರು ವಾರ ಬಿಟ್ಟು ಬಲಮೊಣಕಾಲು, ಅದು ಇಳಿಯುವಷ್ಟರಲ್ಲಿ ಎಡಮೊಣಕಾಲು, ಆಮೇಲೆ ಮೊಣಕೈ. ಅಜ್ಜಿ ಹರಳೆಣ್ಣೆ ಹಚ್ಚಿ ಬಿಸಿನೀರು ಹುಯ್ದಳು, ತಾನಾಗಿ ಹೋಯಿತು. ಕೀಲಿನಿಂದ ಹೋಯಿತು, ಎದೆಯಿಂದ ಹೋಗಿರಲಿಲ್ಲ. ಗಂಟಲಿನ ಸ್ಟ್ರೆಪ್ಟೋಕಾಕಸ್ ರೋಗಾಣುವಿನ ಮೇಲೆ ಯುದ್ಧಕ್ಕೆ ಹೊರಟ ನಮ್ಮದೇ ದೇಹದ ಸೈನ್ಯ ಗುರುತು ತಪ್ಪಿ ಹೃದಯದ ಕವಾಟದ ಮೇಲೂ ಬೀಳುತ್ತದಂತೆ. ಇದೇ ರುಮ್ಯಾಟಿಕ್ ಜ್ವರ. ಗಾಯ ಮಾಯುವಾಗ ಕವಾಟದ ಎಲೆಗಳು ದಪ್ಪವಾಗಿ, ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಾ, ಬಾಗಿಲು ವರ್ಷವರ್ಷಕ್ಕೂ ಕಿರಿದಾಗುತ್ತದೆ. ನನ್ನದು ಮೈಟ್ರಲ್ ಕವಾಟ, ಶ್ವಾಸಕೋಶದಿಂದ ಬಂದ ರಕ್ತ ಎಡ ಮೇಲ್ಕೋಣೆಯಿಂದ ಕೆಳಗಿನ ಕೋಣೆಗೆ ಇಳಿಯುವ ಬಾಗಿಲು. ಅದು ತೆರೆಯದಿದ್ದರೆ ರಕ್ತ ಹಿಂದಕ್ಕೆ ಒತ್ತುತ್ತದೆ, ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಅದಕ್ಕೇ ದಮ್ಮು, ಅದಕ್ಕೇ ಎರಡು ದಿಂಬು, ಅದಕ್ಕೇ ಆ ರಕ್ತದ ಎಳೆ. 'ಎಕೋ ಮಾಡಿಸಿಕೊಂಡು ಬಾರಮ್ಮ' ಅಂದರು.

ಮೊದಲ ಎಕೋ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ. ಲಿಫ್ಟ್ ಕೆಟ್ಟಿತ್ತು. ಎರಡು ಮಹಡಿ ಹತ್ತಿ, ಏದುಸಿರಿನಲ್ಲೇ ಮಂಚಕ್ಕೆ ಬಿದ್ದೆ. ಕತ್ತಲೆ ಕೋಣೆ, ತಣ್ಣನೆ ಜೆಲ್, ಏಳೆಂಟು ನಿಮಿಷ, ಮುಗಿಯಿತು. ನಾನು ಹಾಕಿಕೊಂಡು ಹೋಗಿದ್ದು ತಲೆಯ ಮೇಲಿಂದ ತೆಗೆಯುವ ಕುರ್ತಾ. ಅದನ್ನು ಕತ್ತಿನವರೆಗೆ ಸುತ್ತಿಕೊಂಡು ಮಲಗಿದ ಮುಜುಗರದಲ್ಲಿ ಏನು ನಡೆಯಿತೆಂದೇ ತಿಳಿಯಲಿಲ್ಲ. (ಹೆಂಗಸರು ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಂಡು ಹೋಗಿ. ಇದನ್ನು ಯಾರೂ ಹೇಳುವುದಿಲ್ಲ.) ವರದಿಯಲ್ಲಿ ಕವಾಟದ ವಿಸ್ತೀರ್ಣ 1.4 ಚದರ ಸೆಂ.ಮೀ., ಕವಾಟದ ಎರಡು ಬದಿಯ ನಡುವಿನ ಸರಾಸರಿ ಒತ್ತಡ ವ್ಯತ್ಯಾಸ 16, 'ಮಾಡರೇಟ್' ಎಂದು ಬರೆದಿತ್ತು. ಕೆಳಗೆ ಇಎಫ್ 60 ಪರ್ಸೆಂಟ್. ನನ್ನ ಗಂಡ ಅದೊಂದನ್ನೇ ಹಿಡಿದುಕೊಂಡು ಮೂರು ದಿನ ಒದ್ದಾಡಿದ. 'ಬರೀ ಅರವತ್ತಾ? ಇನ್ನು ನಲವತ್ತು ಎಲ್ಲಿ ಹೋಯ್ತು?' ಹೃದಯ ಒಂದು ಸಲ ಹಿಂಡಿದಾಗ ಕೋಣೆಯಲ್ಲಿದ್ದ ರಕ್ತದಲ್ಲಿ ಎಷ್ಟು ಪಾಲು ಹೊರಗೆ ಹೋಗುತ್ತದೆ ಎನ್ನುವ ಲೆಕ್ಕ ಅದು. 60 ಇದ್ದರೆ ಸರಿಯಾಗಿಯೇ ಇದೆ, ನೂರು ಯಾರಿಗೂ ಇರುವುದಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಅವನು ಊಟ ಮಾಡಿದ್ದು.

ಆ ಹಿರಿಯ ವೈದ್ಯರು ಹೃದಯದ ವೇಗ ಇಳಿಸುವ ಮಾತ್ರೆ ಕೊಟ್ಟು, ಎರಡು ವಾರ ಬಿಟ್ಟು ಮತ್ತೆ ಎಕೋ ಮಾಡಿಸಲು ಹೆದ್ದಾರಿ ಪಕ್ಕದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕಳಿಸಿದರು. 'ಇವರ ಲೆಕ್ಕಕ್ಕೂ ನಿನ್ನ ಅವಸ್ಥೆಗೂ ತಾಳೆ ಆಗ್ತಿಲ್ಲ' ಎಂದಷ್ಟೇ ಹೇಳಿದ್ದು.

ಎರಡನೆಯದು ನಲವತ್ತು ನಿಮಿಷ ನಡೆಯಿತು. ಮಾಡಿದವರು ಯುವ ಹೃದ್ರೋಗ ವೈದ್ಯರು. ಜೊತೆಗೆ ಒಬ್ಬ ನರ್ಸಮ್ಮ. ಎದೆಗೆ ಇಸಿಜಿಯ ಮೂರು ಸ್ಟಿಕ್ಕರ್, ಎಡಮಗ್ಗುಲು, ಎಡಗೈ ತಲೆಯ ಕೆಳಗೆ. ಎಡಕ್ಕೆ ತಿರುಗಿದರೆ ಹೃದಯ ಎದೆಗೂಡಿನ ಗೋಡೆಗೆ ಹತ್ತಿರ ಬರುತ್ತದೆ, ಶ್ವಾಸಕೋಶ ಪಕ್ಕಕ್ಕೆ ಸರಿಯುತ್ತದೆ. ಶಬ್ದದ ಅಲೆ ಗಾಳಿಯನ್ನೂ ಮೂಳೆಯನ್ನೂ ದಾಟಲಾರದು. ಹಾಗಾಗಿ ಪಕ್ಕೆಲುಬುಗಳ ಸಂದಿಯೇ ಇವರಿಗೆ ಕಿಟಕಿ. ಮೊದಲು ಎದೆಮೂಳೆಯ ಎಡಪಕ್ಕ, ಆಮೇಲೆ ಎಡಸ್ತನದ ಕೆಳಗೆ ಹೃದಯದ ತುದಿ ಬಡಿಯುವ ಜಾಗ, ಆಮೇಲೆ ಮಂಡಿ ಮಡಚಿಸಿ ಎದೆಮೂಳೆಯ ಕೆಳಗೆ. 'ಉಸಿರು ಪೂರ್ತಿ ಬಿಡಿ... ಹಂಗೇ ಹಿಡ್ಕೊಳಿ... ಸಾಕು.' ಪಕ್ಕೆಲುಬಿನ ಸಂದಿಯಲ್ಲಿ ಆ ಸಾಧನವನ್ನು ಒತ್ತಿ ಹಿಡಿಯುವುದು ಸ್ವಲ್ಪ ನೋಯುತ್ತದೆ. ಬೇರೇನೂ ನೋವಿಲ್ಲ.

ಅಲ್ಲಿ ಒಂದು ಅನುಕೂಲವಿತ್ತು, ಪರದೆ ನನಗೂ ಕಾಣುತ್ತಿತ್ತು. ಕಪ್ಪು ಬಿಳುಪಿನಲ್ಲಿ ಎರಡು ಕೋಣೆ, ನಡುವೆ ಕವಾಟ. ಮುಂದಿನ ಎಲೆ ತೆರೆಯುವಾಗ ಮೊಣಕಾಲಿನ ಹಾಗೆ ಬಾಗುತ್ತಿತ್ತು. ಹೊಟ್ಟೆ ಉಬ್ಬುತ್ತದೆ, ತುದಿ ಮಾತ್ರ ಅಂಟಿಕೊಂಡೇ ಇರುತ್ತದೆ. 'ಹಾಕಿ ಸ್ಟಿಕ್' ಎಂದರು ಪಕ್ಕದಲ್ಲಿದ್ದ ವಿದ್ಯಾರ್ಥಿಗೆ. ಆಮೇಲೆ ಬಣ್ಣ ಹಾಕಿದರು. ಕೆಂಪು ಎಂದರೆ ಶುದ್ಧ ರಕ್ತ, ನೀಲಿ ಎಂದರೆ ಅಶುದ್ಧ ರಕ್ತ ಎಂದು ಶಾಲೆಯ ಚಿತ್ರ ನೆನೆಸಿಕೊಂಡು ಗಾಬರಿಯಾದೆ. ಅದಲ್ಲ. ಸಾಧನದ ಕಡೆಗೆ ಬರುವ ಹರಿವು ಕೆಂಪು, ದೂರ ಹೋಗುವುದು ನೀಲಿ, ಅಷ್ಟೇ. ಕಿರಿದಾದ ಬಾಯಿಯಿಂದ ರಭಸವಾಗಿ ನುಗ್ಗುವ ಕಡೆ ಬಣ್ಣಗಳು ಕಲಸಿಹೋಗುತ್ತವೆ. ನನ್ನ ಕವಾಟದ ಕೆಳಗೆ ಅದು ಹಳದಿ, ನೀಲಿ ಸೇರಿ ಉರಿಯುವ ದೀಪದ ಕುಡಿಯ ಹಾಗೆ ಕಂಡಿತು. ನೋಡಲು ಚೆನ್ನಾಗಿಯೇ ಇತ್ತು ಎಂದು ಹೇಳಲು ನನಗೆ ಸಂಕೋಚವಿಲ್ಲ. ಆಮೇಲೆ ಶಬ್ದ ಹಾಕಿದರು. ಹುಶ್, ಹುಶ್, ತಿದಿ ಒತ್ತಿದ ಹಾಗೆ. ಅದು ಎದೆಯ ಸದ್ದಲ್ಲ. ನಮ್ಮ ಕಿವಿಗೆ ಕೇಳದ ಅಲೆ ಹರಿಯುವ ರಕ್ತಕ್ಕೆ ಬಡಿದು ವಾಪಸ್ಸು ಬರುವಾಗ ಅದರ ಕಂಪನದಲ್ಲಾಗುವ ವ್ಯತ್ಯಾಸವನ್ನೇ ಯಂತ್ರ ಕೇಳುವ ಸದ್ದಾಗಿ ಮಾಡುತ್ತದೆ. ರೈಲು ಹತ್ತಿರ ಬಂದು ದೂರ ಹೋಗುವಾಗ ಸೀಟಿಯ ಸ್ವರ ಬದಲಾಗುವುದಿಲ್ಲವೇ, ಅದೇ ಡಾಪ್ಲರ್.

ಆಮೇಲೆ ಅವರು ಮಾಡಿದ್ದನ್ನು ನೋಡಿ ನಾನು ಮಲಗಿದಲ್ಲೇ ಕತ್ತೆತ್ತಿದೆ. ಕವಾಟವನ್ನು ಅಡ್ಡಕ್ಕೆ ಕತ್ತರಿಸಿದ ಹಾಗೆ ಪರದೆಗೆ ತಂದು, ಅದು ಪೂರ್ತಿ ತೆರೆದ ಕ್ಷಣದಲ್ಲಿ ಚಿತ್ರ ನಿಲ್ಲಿಸಿ, ಬಾಯಿಯ ಒಳ ಅಂಚಿನ ಗುಂಟ ಚುಕ್ಕಿ ಇಡುತ್ತಾ ಒಂದು ಸುತ್ತು ಬಂದರು. ಗೆರೆ ಕೂಡಿದ ತಕ್ಷಣ ಮೂಲೆಯಲ್ಲಿ ಅಂಕೆ ಬಂತು: 0.92.

'ಡಾಕ್ಟ್ರೇ, ಇದಕ್ಕೇನಂತಾರೆ?'

'ಪ್ಲಾನಿಮೆಟ್ರಿ.'

ಪ್ಲಾನಿಮೀಟರ್ ನನಗೆ ಗೊತ್ತು. ನಕ್ಷೆಯ ಗಡಿಯ ಮೇಲೆ ಮುಳ್ಳನ್ನು ಒಂದು ಸುತ್ತು ಓಡಿಸಿದರೆ ವಿಸ್ತೀರ್ಣ ಕೊಡುತ್ತಿದ್ದ ಹಳೇ ಉಪಕರಣ. ಕಂಪ್ಯೂಟರ್ ಬರುವ ಮೊದಲು ನಮ್ಮ ಹಿರಿಯರು ಅದನ್ನೇ ಬಳಸುತ್ತಿದ್ದರು. ನಾನು ಇಡೀ ಜೀವಮಾನ 33 ಅಡಿ ಸರಪಳಿಯ ಲೆಕ್ಕದಲ್ಲಿ, 1089 ಚದರ ಅಡಿಯ ಗುಂಟೆಯಲ್ಲಿ ಬದುಕಿದವಳು. ಇಲ್ಲಿ ನನ್ನದೇ ಹದ್ದುಬಸ್ತು ನಡೆಯುತ್ತಿದೆ, ಒಟ್ಟು ವಿಸ್ತೀರ್ಣ ಕಿರುಬೆರಳ ಉಗುರಿನಷ್ಟು. ಸರಿಯಾದ ಕವಾಟಕ್ಕೆ 4ರಿಂದ 6 ಚದರ ಸೆಂ.ಮೀ. ಇರಬೇಕಂತೆ.

ಆಗಲೇ ನಾನು ಕೂಗಾಡಿದ್ದು. ಮೊದಲ ವರದಿ ತೆಗೆದು ಅವರ ಮುಂದಿಟ್ಟೆ. ನಮ್ಮ ಮನೆಯವರು ಬೇರೆ ಬಾಗಿಲಲ್ಲಿ ನಿಂತು, 'ಒತ್ತಡ 16 ಇದ್ದಿದ್ದು ಈಗ 9 ಆಗಿದೆ, ಅಂದ್ರೆ ವಾಸಿ ಆಗ್ತಾ ಇದೆ ಅಲ್ವಾ ಸಾರ್?' ಎಂದರು. ಒಂದು ಅಂಕೆ ವಾಸಿ ಅನ್ನುತ್ತದೆ, ಇನ್ನೊಂದು ಕೆಟ್ಟಿದೆ ಅನ್ನುತ್ತದೆ.

ಆ ವೈದ್ಯರು ಬೈಯಲಿಲ್ಲ. ಹಳೇ ವರದಿಗೆ ಅಂಟಿಸಿದ್ದ ಚಿತ್ರವನ್ನು ಬೆಳಕಿಗೆ ಹಿಡಿದರು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹೃದಯದ ವೇಗ 112. ಮಾತ್ರೆ ತೆಗೆದುಕೊಂಡು ಕೂತು ಸುಧಾರಿಸಿಕೊಂಡು ಬಂದ ಇವತ್ತು 72. ಕವಾಟ ಅದೇ. ಹೃದಯ ಓಡುತ್ತಿದ್ದರೆ ಬಾಗಿಲು ತೆರೆದಿರುವ ಸಮಯ ಕಮ್ಮಿ, ಅಷ್ಟೇ ರಕ್ತ ಅಷ್ಟರಲ್ಲೇ ನುಗ್ಗಬೇಕು, ಒತ್ತಡ ಏರುತ್ತದೆ. ನಿಧಾನವಾದರೆ ಇಳಿಯುತ್ತದೆ. ಕೆರೆಯ ತೂಬಿನ ಮುಂದೆ ನೀರು ಎಷ್ಟೆತ್ತರ ನಿಂತಿದೆ ಎನ್ನುವುದು ಬೇರೆ, ತೂಬಿನ ಕಂಡಿ ಎಷ್ಟಗಲ ಎನ್ನುವುದು ಬೇರೆ ಎಂದು ನಾನು ಗಂಡನಿಗೆ ಬಿಡಿಸಿ ಹೇಳಿದೆ. ನೀರು ಇಳಿದ ಮಾತ್ರಕ್ಕೆ ಕಂಡಿ ದೊಡ್ಡದಾಗಲಿಲ್ಲ.

ಸರಿ, ಹಾಗಾದರೆ 1.4 ಎಲ್ಲಿಂದ ಬಂತು? ಅದನ್ನು ಅಳೆದೇ ಇರಲಿಲ್ಲ, ಲೆಕ್ಕ ಹಾಕಿದ್ದರು. ಕವಾಟ ತೆರೆದ ಕೂಡಲೇ ಒತ್ತಡ ಜೋರಾಗಿರುತ್ತದೆ, ಬರುಬರುತ್ತಾ ಇಳಿಯುತ್ತದೆ. ಪರದೆಯಲ್ಲಿ ಅದು ಗುಡ್ಡದ ಇಳಿಜಾರಿನ ಹಾಗೆ ಮೂಡುತ್ತದೆ. ಒತ್ತಡ ಅರ್ಧಕ್ಕೆ ಇಳಿಯಲು ಎಷ್ಟು ಮಿಲಿಸೆಕೆಂಡು ಬೇಕಾಯಿತೋ ಅದರಿಂದ 220ನ್ನು ಭಾಗಿಸಿದರೆ ವಿಸ್ತೀರ್ಣ. ಬಾಗಿಲು ಕಿರಿದಾದಷ್ಟೂ ಇಳಿಯುವುದು ತಡ. ಆದರೆ ನನ್ನ ಇಳಿಜಾರಿಗೆ ಎರಡು ಭಾಗವಿತ್ತು. ಮೊದಲು ಒಂದು ಗಿಡ್ಡ ಕಡಿದಾದ ಇಳಿತ, ಆಮೇಲೆ ಉದ್ದಕ್ಕೆ ನಿಧಾನದ ಇಳಿತ. ಗೆರೆ ಎಳೆಯಬೇಕಾದದ್ದು ಉದ್ದದ ಭಾಗಕ್ಕೆ. ಮೊದಲ ಸೆಂಟರಿನಲ್ಲಿ ಕಡಿದಾದ ತುದಿಗೆ ಎಳೆದುಬಿಟ್ಟಿದ್ದರು. 157 ಬಂದಿತ್ತು, 220 ಭಾಗಿಸು 157, ಸರಿಯಾಗಿ 1.4. ಇವರು ಎಳೆದದ್ದಕ್ಕೆ 240, ಲೆಕ್ಕ 0.92ರ ಹತ್ತಿರಕ್ಕೇ ಬಂತು. ಹೃದಯ 112ರಲ್ಲಿ ಓಡುವಾಗ ಆ ಇಳಿಜಾರು ನೆಟ್ಟಗೆ ಕಾಣುವುದೂ ಕಷ್ಟ ಎಂದು ಮೊದಲ ಸೆಂಟರಿನಲ್ಲಿ ಎಕೋ ಮಾಡಿದ್ದ ಹುಡುಗನ ಪರವಾಗಿಯೂ ಒಂದು ಮಾತು ಸೇರಿಸಿದರು. ನನಗೆ ಅರ್ಥವಾಯಿತು. ತಪ್ಪು ಕಲ್ಲಿನಿಂದ ಅಳತೆ ಶುರು ಮಾಡಿದ್ದಾರೆ. ಸರಪಳಿ ಸರಿ, ಲೆಕ್ಕ ಸರಿ, ನಿಂತ ಕಲ್ಲು ಸರಿಯಿಲ್ಲ.

ನನ್ನ ಉತ್ಸಾಹ ನೋಡಿ ಅವರು ತಮ್ಮ ಅಳತೆಯ ಹುಳುಕನ್ನೂ ಹೇಳಿದರು. ಈ ಕವಾಟ ಲಾಳಿಕೆಯ ಆಕಾರದ್ದು. ತೀರಾ ತುದಿಯಲ್ಲಿ ಅಡ್ಡಕತ್ತರಿಸಿ ನೋಡಬೇಕು, ಒಂದು ಚೂರು ಮೇಲೆ ಕತ್ತರಿಸಿದರೂ ಬಾಯಿ ದೊಡ್ಡದಾಗಿ ಕಾಣುತ್ತದೆ. ಚಿತ್ರದ ಹೊಳಪು ಹೆಚ್ಚಿಟ್ಟರೆ ಅಂಚು ಊದಿಕೊಂಡು ಬಾಯಿ ಚಿಕ್ಕದಾಗಿ ಕಾಣುತ್ತದೆ. ಅದಕ್ಕೇ ಅವರು ಮೂರು ಸಲ ಸುತ್ತಿದ್ದು. ಅಲ್ಲಿಯತನಕ ಎಕೋ ಎಂದರೆ ಥರ್ಮಾಮೀಟರಿನ ಹಾಗೆ, ಯಂತ್ರ ತಾನೇ ಹೇಳಿಬಿಡುತ್ತದೆ ಎಂದುಕೊಂಡಿದ್ದೆ. ಯಂತ್ರ ಬರೀ ಸರಪಳಿ. ಎಲ್ಲಿ ನಿಲ್ಲಬೇಕು, ಎಲ್ಲಿಗೆ ಎಳೆಯಬೇಕು ಎನ್ನುವುದೆಲ್ಲ ಹಿಡಿದವರ ಕೈಯಲ್ಲಿದೆ. ವರದಿಯಲ್ಲಿ ಮಾತ್ರ ಆ ಕೈ ಕಾಣುವುದೇ ಇಲ್ಲ, ಎರಡು ದಶಮಾಂಶ ಸ್ಥಾನದ ಗಂಭೀರ ಅಂಕೆ ಕಾಣುತ್ತದೆ. ಈಗ ನಾನು ಯಾರದೇ ಎಕೋ ವರದಿ ನೋಡಿದರೂ ಮೊದಲು ಹುಡುಕುವುದು ಹೃದಯದ ವೇಗ, ಆಮೇಲೆ ಆ ವಿಸ್ತೀರ್ಣ ಅಳೆದದ್ದೋ ಲೆಕ್ಕ ಹಾಕಿದ್ದೋ ಎನ್ನುವುದು.

ಉಳಿದ ಅಂಕೆಗಳು: ಎಡ ಮೇಲ್ಕೋಣೆ ಹಿಗ್ಗಿ 4.8 ಸೆಂ.ಮೀ. ಆಗಿತ್ತು. ಬಲಗಡೆಯ ಕವಾಟದಲ್ಲಿ ಸಣ್ಣ ಸೋರಿಕೆ, ಅದರ ವೇಗ ಸೆಕೆಂಡಿಗೆ 3.4 ಮೀಟರ್. ಆ ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಒತ್ತಡ ಸಿಗುತ್ತದೆ, 46. ಅದಕ್ಕೆ ಬಲ ಮೇಲ್ಕೋಣೆಯದ್ದು ಒಂದಿಷ್ಟು ಸೇರಿಸಿದರೆ ಶ್ವಾಸಕೋಶದ ರಕ್ತನಾಳದ ಒತ್ತಡ ಐವತ್ತು ದಾಟುತ್ತದೆ. ಸೂಜಿ ಚುಚ್ಚದೆ, ಬರೀ ಸೋರುವ ವೇಗ ನೋಡಿ ಒತ್ತಡ ಹೇಳುವ ಈ ಉಪಾಯ ನನಗೆ ಬಹಳ ಹಿಡಿಸಿತು. ಕವಾಟಕ್ಕೆ ವಿಲ್ಕಿನ್ಸ್ ಸ್ಕೋರ್ ಎಂದು ಇನ್ನೊಂದು. ಎಲೆಗಳ ಚಲನೆ, ದಪ್ಪ, ಕೆಳಗಿನ ಹುರಿಗಳ ಸ್ಥಿತಿ, ಸುಣ್ಣ ಕಟ್ಟಿರುವುದು, ಒಂದೊಂದಕ್ಕೂ 1ರಿಂದ 4. ನಾವು ಭೂಮಿಯನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿದ ಹಾಗೆ. ನನಗೆ 16ಕ್ಕೆ 7. 8ರ ಒಳಗಿದ್ದರೆ ಎದೆ ಕೊಯ್ಯದೆ ಬಲೂನಿನಲ್ಲೇ ಬಾಗಿಲು ಬಿಡಿಸಬಹುದು. ಪರೀಕ್ಷೆಯಲ್ಲಿ ಕಮ್ಮಿ ಅಂಕ ಬಂದು ಖುಷಿಪಟ್ಟದ್ದು ಅದೊಂದೇ ಸಲ.

ಈ ವಿದ್ಯೆ ಶುರುವಾದದ್ದೇ ನನ್ನಂಥವರ ಕವಾಟದಿಂದ ಎಂದು ಅವರೇ ಹೇಳಿದರು. ಸ್ವೀಡನ್ನಿನ ಲುಂಡ್ ಊರಿನ ವೈದ್ಯ ಇಂಗೆ ಎಡ್ಲರ್‌ಗೆ, ಮೈಟ್ರಲ್ ಕವಾಟ ಕಿರಿದಾದವರಲ್ಲಿ ಯಾರಿಗೆ ಆಪರೇಷನ್ ಮಾಡಬೇಕು ಎಂದು ಹೊರಗಿನಿಂದಲೇ ತಿಳಿಯುವ ದಾರಿ ಬೇಕಿತ್ತು. ಭೌತವಿಜ್ಞಾನಿ ಹೆಲ್ಮುತ್ ಹೆರ್ಟ್ಸ್ ಜೊತೆ ಸೇರಿ 1953ರಲ್ಲಿ ಹೃದಯದ ಪ್ರತಿಧ್ವನಿ ಹಿಡಿದರು. ಅದಕ್ಕೂ ಮೊದಲು ಹೆರ್ಟ್ಸ್ ಪ್ರಯೋಗ ಮಾಡಿ ನೋಡಿದ್ದು ಮಾಲ್ಮೋದ ಹಡಗು ಕಟ್ಟೆಯಲ್ಲಿ ಲೋಹದ ಬಿರುಕು ಹುಡುಕಲು ಇಟ್ಟಿದ್ದ ಯಂತ್ರದಲ್ಲಿ.

ಬಲೂನಿಗೆ ಬೆಂಗಳೂರು. ಅದಕ್ಕೂ ಮೊದಲು ಇನ್ನೊಂದು ಎಕೋ, ಗಂಟಲಿನೊಳಗಿಂದ. ಎಡ ಮೇಲ್ಕೋಣೆಗೆ ಕಿವಿಯ ಹಾಗೆ ಒಂದು ಚೀಲ ಅಂಟಿಕೊಂಡಿರುತ್ತದೆ. ರಕ್ತ ನಿಂತು ನಿಂತು ಅಲ್ಲಿ ಹೆಪ್ಪುಗಟ್ಟಿರಬಹುದು. ಹೊರಗಿನ ಎಕೋದಲ್ಲಿ ಆ ಮೂಲೆ ಸರಿಯಾಗಿ ಕಾಣುವುದಿಲ್ಲ. ಹೆಪ್ಪು ಇರುವಾಗ ಬಲೂನು ಸಾಗಿಸುವ ತಂತಿ ಆಡಿಸಿದರೆ ಅದು ಕಿತ್ತು ಮಿದುಳಿಗೆ ಹೋದೀತು. ಅನ್ನನಾಳ ಹೃದಯದ ಬೆನ್ನಿಗೇ ಒರಗಿಕೊಂಡಿದೆ, ಹಾಗಾಗಿ ಹಿಂದಿನ ಬಾಗಿಲಿಂದ ನೋಡುತ್ತಾರೆ.

ಸುಳ್ಳು ಹೇಳುವುದಿಲ್ಲ, ಇದು ಹಿಂಸೆಯೇ. ಆರು ಗಂಟೆ ಉಪವಾಸ. ಗಂಟಲಿಗೆ ಕಹಿ ಕಹಿ ಸ್ಪ್ರೇ, ನಾಲಿಗೆ ಬೇರೆಯವರದ್ದು ಅನ್ನಿಸುತ್ತದೆ. ಹಲ್ಲಿನ ನಡುವೆ ಪ್ಲಾಸ್ಟಿಕ್ ಉಂಗುರ. ಬೆರಳು ದಪ್ಪದ ಕೊಳವೆ. 'ನುಂಗಿ, ನುಂಗಿ, ರಾಗಿಮುದ್ದೆ ನುಂಗ್ದಂಗೆ ನುಂಗಿ' ಅಂದಳು ನರ್ಸಮ್ಮ, ಅವಳೂ ನಮ್ಮ ಕಡೆಯವಳೇ ಇರಬೇಕು. ಮುದ್ದೆ ನುಂಗುವ ಅಭ್ಯಾಸ ನಿಜಕ್ಕೂ ಕೈ ಹಿಡಿಯಿತೋ ಏನೋ, ಎರಡನೇ ಪ್ರಯತ್ನಕ್ಕೆ ಇಳಿಯಿತು. ವಾಕರಿಕೆ, ಕಣ್ಣಲ್ಲಿ ನೀರು, ಬಾಯಿಂದ ಜೊಲ್ಲು ಧಾರೆ. ಜೊಲ್ಲು ನುಂಗಬೇಡಿ, ಹರಿಯಲು ಬಿಡಿ ಎಂದಾಗ ಮರ್ಯಾದೆ ಬಿಟ್ಟು ಬಿಟ್ಟೆ. ಹತ್ತು ಹನ್ನೆರಡು ನಿಮಿಷ. ಮೇಲ್ಕೋಣೆಯಲ್ಲಿ ರಕ್ತ ಹೊಗೆಯ ಹಾಗೆ ಸುತ್ತುತ್ತಿದೆ, ಆದರೆ ಹೆಪ್ಪಿಲ್ಲ ಎಂದರು. ಗಂಟಲಿನ ಜೋಮು ಹೋಗುವವರೆಗೆ ನೀರು ಸಹ ಕುಡಿಯುವಂತಿಲ್ಲ, ನೀರು ಶ್ವಾಸನಾಳಕ್ಕೆ ಹೋದೀತು. ಆ ಒಂದು ಗಂಟೆ ಬಾಟಲಿಯನ್ನು ನೋಡುತ್ತಾ ಕೂತಿದ್ದೆ.

ಬಲೂನಿನ ಬಗ್ಗೆ ಹೆಚ್ಚು ಹೇಳಲು ನನಗೆ ನೆನಪಿಲ್ಲ. ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೋಯೆ 1984ರಲ್ಲಿ ಪ್ರಕಟಿಸಿದ ವಿಧಾನ. ತೊಡೆಸಂದಿನ ರಕ್ತನಾಳದಿಂದ ಬಲ ಮೇಲ್ಕೋಣೆ, ನಡುಗೋಡೆಗೆ ಸಣ್ಣ ತೂತು, ಎಡ ಮೇಲ್ಕೋಣೆ, ಕವಾಟ. ಅಂಟಿದ ಅಂಚಿನ ನಡುವೆ ಬಲೂನು ಉಬ್ಬಿಸಿ ಆ ಅಂಟನ್ನು ಸೀಳುವುದು. ಅರೆ ಎಚ್ಚರದಲ್ಲಿ ನನಗೆ ಗೊತ್ತಾದದ್ದು ಒಂದೇ, ಒಂದೊಂದು ಸಲ ಉಬ್ಬಿಸಿದ ಮೇಲೂ ಯಾರೋ ಎದೆಗೆ ಜೆಲ್ ಹಚ್ಚಿ ಎಕೋ ನೋಡುತ್ತಿದ್ದರು. ಕಮ್ಮಿ ಸೀಳಿದರೆ ಪ್ರಯೋಜನವಿಲ್ಲ, ಹೆಚ್ಚು ಸೀಳಿದರೆ ಬಾಗಿಲು ಮುಚ್ಚದೆ ಹಿಂದಕ್ಕೆ ಸೋರುತ್ತದೆ. ಎರಡನೇ ಸಲಕ್ಕೆ 'ಸಾಕು' ಎಂದ ದನಿ ಕೇಳಿಸಿತು. ಅವತ್ತು ರಾತ್ರಿ ಒಂದೇ ದಿಂಬಿನಲ್ಲಿ ಮಲಗಿದ್ದೆ, ಬೆಳಿಗ್ಗೆ ಅಮ್ಮ ತೋರಿಸಿದ ಮೇಲೆ ಗೊತ್ತಾಯಿತು.

ಮೂರು ತಿಂಗಳಿಗೆ ಮತ್ತೆ ಕೋಲಾರದಲ್ಲಿ, ಅದೇ ಯುವ ವೈದ್ಯರ ಹತ್ತಿರ ಎಕೋ. ಗುಂಡಿ ಅಂಗಿ ಹಾಕಿಕೊಂಡು, ಹದಿನೈದು ನಿಮಿಷ ಮೊದಲೇ ಹೋಗಿ ಸುಮ್ಮನೆ ಕೂತು ಒಳಗೆ ಹೋದೆ. ಚುಕ್ಕಿ ಇಡುತ್ತಾ ಸುತ್ತಿದರು: 1.8. ಇನ್ನೊಮ್ಮೆ: 1.7. ಮತ್ತೊಮ್ಮೆ: 1.7. ಒತ್ತಡ 4, ಸೋರಿಕೆ ಅಲ್ಪ. '1.7 ಅಂತ ಬರೀಲಾ?' ಎಂದು ನನ್ನನ್ನೇ ಕೇಳಿದರು, ನಗುತ್ತಾ. ಪಕ್ಕದ ಜಮೀನಿನವರ ತಕರಾರು ಇಲ್ಲದಿದ್ದರೆ ಬರೀರಿ ಎಂದೆ.

ಇನ್ನು ಉಳಿದದ್ದು ಪೆನಿಸಿಲಿನ್. ಕವಾಟಕ್ಕೆ ಮತ್ತೆ ಆ ಜ್ವರ ಬೀಳದಿರಲಿ ಎಂದು 21 ದಿನಕ್ಕೊಮ್ಮೆ 12 ಲಕ್ಷ ಯೂನಿಟ್, ಸೊಂಟಕ್ಕೆ. ನನಗೀಗ 37, ಕನಿಷ್ಠ 40 ತುಂಬುವವರೆಗೆ, ಆಮೇಲೆ ನೋಡೋಣ ಎಂದಿದ್ದಾರೆ. ಆ ಸೂಜಿ ಗಂಟುಗಟ್ಟಿ ಎರಡು ದಿನ ಕಾಲು ಎಳೆಯುವಂತೆ ಮಾಡುತ್ತದೆ. ಮುಂದಿನದು ಬರುವ ಗುರುವಾರ. ಅವತ್ತೇ ಮುಳಬಾಗಿಲಿನ ಕಡೆ ಒಂದು ಪೋಡಿ (ಜಮೀನು ಪಾಲು ಮಾಡುವ) ಕೆಲಸ ಇದೆ, ನಾಲ್ಕು ಬದು ಹತ್ತಬೇಕು. ಸೂಜಿಯನ್ನು ಸಂಜೆಗೆ ಇಟ್ಟುಕೊಂಡಿದ್ದೇನೆ.